ಕಾರಣ ತಿಳಿಯದ ಗಂಧೆ: ವೈದ್ಯರ ಬಳಿಗೆ ಯಾವಾಗ ಹೋಗಬೇಕು?

(ಬಾಗಲಗುಂಟೆಯಲ್ಲಿ ರೈತರಿಗೂ ವಿಸ್ತರಣಾ ಕಾರ್ಯಕರ್ತರಿಗೂ ನೀಡಿದ ಭಾಷಣ)



ಮೈಮೇಲೆ ಗಂಧೆ ಎದ್ದರೆ ಪಿತ್ತ ಕೆರಳಿತು, ರಕ್ತ ಕೆಟ್ಟಿತು, ಬದನೆಕಾಯಿ ನಂಜಾಯಿತು ಎನ್ನುವುದು ವಾಡಿಕೆ. ಪಥ್ಯ, ಮನೆಮದ್ದು, ಅಂಗಡಿಯ ಮುಲಾಮು ಎಂದು ತಿಂಗಳುಗಳೇ ಕಳೆದುಹೋಗುತ್ತವೆ. ಆದರೆ ಎಷ್ಟೋ ಸಲ ಕಾರಣವಿರುವುದು ಹೊಲದ ಬದುವಿನಲ್ಲಿ ಅಥವಾ ಪಕ್ಕದ ಖಾಲಿ ನಿವೇಶನದಲ್ಲಿ. ಅದೇ ಪಾರ್ಥೇನಿಯಂ, ಅಂದರೆ ಎಲ್ಲರೂ ಬಲ್ಲ ಕಾಂಗ್ರೆಸ್ ಹುಲ್ಲು.

ಅಮೆರಿಕ ಖಂಡದ ಉಷ್ಣಪ್ರದೇಶದ ಈ ಕಳೆ 1955ರಲ್ಲಿ ಪುಣೆಯಲ್ಲಿ ಕಾಣಿಸಿಕೊಂಡಿತು. ಮುಂದಿನ ಎರಡು ದಶಕಗಳಲ್ಲಿ ಬೆಂಗಳೂರಿನ ಸುತ್ತಮುತ್ತ ದಟ್ಟವಾಗಿ ಹಬ್ಬಿತು. 1975ರಲ್ಲಿ ಕರ್ನಾಟಕ ಸರ್ಕಾರ ಇದನ್ನು ಕಾನೂನಿನ ಪ್ರಕಾರ ಹಾನಿಕಾರಕ ಕಳೆಯೆಂದು ಘೋಷಿಸಿತು. ಹಿಂದೆ ಹಳ್ಳಿಯಾಗಿದ್ದ ಬಾಗಲಗುಂಟೆ ಇಂದು ನಗರಕ್ಕೆ ಸೇರಿದೆ. ಹೊಲ ಹೋಗಿ ಬಡಾವಣೆ ಬಂದರೂ ಕಳೆ ಹೋಗುವುದಿಲ್ಲ. ಖಾಲಿ ನಿವೇಶನ, ಚರಂಡಿ ಅಂಚು, ರಸ್ತೆ ಬದಿ, ಎಲ್ಲಿ ಮಣ್ಣು ಕದಡಿದೆಯೋ ಅಲ್ಲಿ ಅದು ಬೆಳೆಯುತ್ತದೆ.

ಗಂಧೆ ಏಳುವುದು ಹೇಗೆ?

ಈ ಗಿಡದ ಎಲೆ, ಕಾಂಡ, ಹೂಗಳ ಮೇಲಿನ ಸೂಕ್ಷ್ಮ ರೋಮಗಳಲ್ಲಿ ಪಾರ್ಥೆನಿನ್ ಎಂಬ ರಾಸಾಯನಿಕವಿದೆ. ಇದು ಎಲ್ಲರಿಗೂ ಒಗ್ಗದೆಂದಲ್ಲ. ಕೆಲವರು ವರ್ಷಗಟ್ಟಲೆ ಕಳೆ ಕಿತ್ತರೂ ಏನೂ ಆಗದೆ, ಅನಂತರ ಒಮ್ಮೆಗೇ ತುರಿಕೆ ಶುರುವಾಗಬಹುದು. ಹೀಗೊಮ್ಮೆ ಮೈಗೆ ಒಗ್ಗದಂತಾದರೆ, ಮುಂದೆ ಗಿಡವನ್ನು ಮುಟ್ಟಬೇಕೆಂದೇ ಇಲ್ಲ. ಗಾಳಿಯಲ್ಲಿ ಬರುವ ಒಣಗಿದ ಗಿಡದ ಧೂಳೂ ಸಾಕು. ಇದು ಒಬ್ಬರಿಂದ ಒಬ್ಬರಿಗೆ ಅಂಟುವ ರೋಗವಲ್ಲ.

ಗುರುತಿಸುವ ಬಗೆ

ಗಂಧೆ ಹೆಚ್ಚಾಗಿ ಕಣ್ಣಿನ ರೆಪ್ಪೆ, ಮುಖ, ಕತ್ತು, ಮೊಣಕೈ ಮತ್ತು ಮಂಡಿಗಳ ಮಡಿಕೆಗಳಲ್ಲಿ ಏಳುತ್ತದೆ. ಮೊದಮೊದಲು ಬಟ್ಟೆ ಮುಚ್ಚಿದ ಭಾಗ ಚೆನ್ನಾಗಿರುತ್ತದೆ. ಬಿಸಿಲಿನಿಂದಲೇ ಬಂದ ಗಂಧೆಯಾದರೆ ಕಿವಿಯ ಹಿಂಭಾಗ, ಗಲ್ಲದ ಕೆಳಗೆ ಸಾಮಾನ್ಯವಾಗಿ ಏಳುವುದಿಲ್ಲ. ಪಾರ್ಥೇನಿಯಂ ಧೂಳಿನಿಂದಾದರೆ ಅಲ್ಲಿಯೂ ಏಳುತ್ತದೆ. ವರ್ಷಗಳು ಕಳೆದಂತೆ ಚರ್ಮ ದಪ್ಪವಾಗಿ, ಕಪ್ಪಾಗಿ, ಬಿರುಕು ಬಿಡುತ್ತದೆ.

ವಿಸ್ತರಣಾ ಕಾರ್ಯಕರ್ತರು ಮೂರು ಪ್ರಶ್ನೆ ಕೇಳಬೇಕು. ಕಳೆ ಹೆಚ್ಚಿರುವ ಕಾಲದಲ್ಲಿ ತುರಿಕೆ ಹೆಚ್ಚುತ್ತದೆಯೇ? ಬೇರೆ ಊರಿಗೆ ಹೋದಾಗ ತಗ್ಗುತ್ತದೆಯೇ? ಸೇವಂತಿಗೆ, ಸೂರ್ಯಕಾಂತಿ ಮುಟ್ಟಿದಾಗಲೂ ನವೆಯಾಗುತ್ತದೆಯೇ? ಇವೂ ಅದೇ ಕುಟುಂಬದ ಸಸ್ಯಗಳಾದುದರಿಂದ ಕೆಲವರಿಗೆ ಇವೂ ಒಗ್ಗುವುದಿಲ್ಲ. ಉತ್ತರ ಹೌದೆಂದಾದರೆ ಅದನ್ನು ವೈದ್ಯರಿಗೆ ತಿಳಿಸಬೇಕು. ಚರ್ಮರೋಗ ತಜ್ಞರು ಬೆನ್ನಿಗೆ ಪಟ್ಟಿ ಅಂಟಿಸಿ ನೋಡುವ ಪ್ಯಾಚ್ ಪರೀಕ್ಷೆಯಿಂದ ಖಚಿತಪಡಿಸಿಕೊಳ್ಳುತ್ತಾರೆ.

ಎಲ್ಲ ಗಂಧೆಯೂ ಪಾರ್ಥೇನಿಯಂನಿಂದಲ್ಲ. ಮನೆಮಂದಿಗೆಲ್ಲ ರಾತ್ರಿ ಹೊತ್ತು ತುರಿಕೆಯಿದ್ದು, ಬೆರಳ ಸಂದಿಗಳಲ್ಲಿ ಗುಳ್ಳೆಯಿದ್ದರೆ ಅದು ಕಜ್ಜಿಯಿರಬಹುದು. ಎಲ್ಲರಿಗೂ ಒಟ್ಟಿಗೆ ಚಿಕಿತ್ಸೆ ಬೇಕು. ಉಂಗುರದಂತೆ ಹರಡಿದರೆ ಹುಳುಕಡ್ಡಿಯಿರಬಹುದು. ಸ್ಪರ್ಶಜ್ಞಾನವಿಲ್ಲದ ಮಚ್ಚೆ ಕುಷ್ಠದ ಲಕ್ಷಣವಿರಬಹುದು. ಸರ್ಕಾರಿ ಆಸ್ಪತ್ರೆಗಳಲ್ಲಿ ಅದಕ್ಕೆ ಉಚಿತ ಔಷಧಿಯಿದೆ, ಪೂರ್ಣ ಗುಣವಾಗುತ್ತದೆ.

ತಡಮಾಡದೆ ಆಸ್ಪತ್ರೆಗೆ ಹೋಗಬೇಕಾದ ಸಂದರ್ಭಗಳು

1. ತುಟಿ, ನಾಲಿಗೆ ಊದಿಕೊಂಡು ಉಸಿರಾಟ ಕಷ್ಟವಾದರೆ ಕೂಡಲೇ 108ಕ್ಕೆ ಕರೆ ಮಾಡಬೇಕು.
2. ಗಂಧೆಯ ಜೊತೆ ಜೋರು ಜ್ವರವಿದ್ದರೆ, ಅಥವಾ ಒತ್ತಿದರೂ ಮಾಸದ ಕೆಂಪು, ನೇರಳೆ ಚುಕ್ಕೆಗಳಿದ್ದರೆ.
3. ಹೊಸ ಮಾತ್ರೆ ನುಂಗಿದ ಮೇಲೆ ಚರ್ಮ ಬೊಕ್ಕೆಯೆದ್ದರೆ, ಬಾಯಿ, ಕಣ್ಣು ಹುಣ್ಣಾದರೆ.
4. ಕೀಟನಾಶಕ ಸಿಂಪಡಿಸಿದ ಮೇಲೆ ಗಂಧೆಯ ಜೊತೆ ವಾಂತಿ, ತಲೆಸುತ್ತು, ವಿಪರೀತ ಬೆವರು ಕಂಡರೆ. ಔಷಧಿ ಡಬ್ಬದ ಚೀಟಿಯನ್ನೂ ಜೊತೆಗೆ ಒಯ್ಯಬೇಕು.
5. ಮೈಯೆಲ್ಲ ಕೆಂಪಾಗಿ ಸಿಪ್ಪೆ ಸುಲಿದರೆ, ಅಥವಾ ಕೀವು ತುಂಬಿ ನೋವು ಹೆಚ್ಚಿದರೆ.

ಇಂತಹ ತೊಂದರೆಯಿಲ್ಲದಿದ್ದರೂ ಎರಡು ವಾರದಲ್ಲಿ ವಾಸಿಯಾಗದ, ಇಲ್ಲವೆ ಮತ್ತೆ ಮತ್ತೆ ಮರುಕಳಿಸುವ ಗಂಧೆಯನ್ನು ವೈದ್ಯರಿಗೆ ತೋರಿಸಲೇಬೇಕು. ಬೆಂಗಳೂರಿನ ವಿಕ್ಟೋರಿಯಾ, ಬೌರಿಂಗ್ ಆಸ್ಪತ್ರೆಗಳಲ್ಲಿ ಚರ್ಮರೋಗ ವಿಭಾಗಗಳಿವೆ.

ಅಂಗಡಿಯಲ್ಲಿ ಕೇಳಿ ತಂದ ಸ್ಟೀರಾಯ್ಡ್ ಮುಲಾಮು ಎರಡೇ ದಿನದಲ್ಲಿ ತುರಿಕೆ ತಗ್ಗಿಸುತ್ತದೆ. ಅದೇ ಅದರ ಮೋಸ. ಹುಳುಕಡ್ಡಿಗೆ ಹಚ್ಚಿದರೆ ಒಳಗೊಳಗೇ ಹರಡುತ್ತದೆ. ಮುಖಕ್ಕೆ ಬಹುಕಾಲ ಹಚ್ಚಿದರೆ ಚರ್ಮ ತೆಳುವಾಗುತ್ತದೆ. ವೈದ್ಯರು ಕೊಟ್ಟರೆ ಅವರು ಹೇಳಿದಷ್ಟು ದಿನ ಮಾತ್ರ ಬಳಸಬೇಕು.

ಕಳೆಯ ಹತೋಟಿ

ಒಗ್ಗದವರು ಕಳೆ ಕೀಳಲೇಬಾರದು. ಉಳಿದವರು ಕೈಗವಸು, ತುಂಬುತೋಳಿನ ಅಂಗಿ ಧರಿಸಿ, ಹೂ ಬಿಡುವ ಮುನ್ನ, ಮಣ್ಣು ಹಸಿಯಿರುವಾಗ ಬೇರುಸಹಿತ ಕೀಳಬೇಕು. ಒಂದೇ ಗಿಡ ಸಾವಿರಾರು ಬೀಜ ಉದುರಿಸುವುದರಿಂದ ಹೂವಾದ ಮೇಲೆ ಕಿತ್ತರೆ ಅರ್ಧ ಕೆಲಸವಷ್ಟೆ. ಕೆಲಸವಾದೊಡನೆ ಸ್ನಾನ ಮಾಡಿ, ಬಟ್ಟೆಯನ್ನು ಬೇರೆಯಾಗಿ ಒಗೆಯಬೇಕು.

ಬಾಗಲಗುಂಟೆಯ ರಸ್ತೆ ಮುಂದೆ ಸಾಗುವ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಈ ಎಲೆಗಳನ್ನೇ ತಿನ್ನುವ ಮೆಕ್ಸಿಕೋದ ಜೀರುಂಡೆಯ ಮೇಲೆ ದುಡಿದಿದ್ದಾರೆ. 1984ರಲ್ಲಿ ಬೆಂಗಳೂರಿನಲ್ಲಿ ಬಿಡಲಾದ ಈ ಕೀಟ ಇಲ್ಲಿ ನೆಲೆಯೂರಿದೆ. ಮಳೆಗಾಲದಲ್ಲಿ ಅದು ಗಿಡವನ್ನು ಬೋಳು ಮಾಡುತ್ತದೆ, ಬೇಸಿಗೆಯಲ್ಲಿ ಮಣ್ಣಿನೊಳಗೆ ಅಡಗುತ್ತದೆ. ಆದುದರಿಂದ ಕೀಟವೊಂದನ್ನೇ ನಂಬುವಂತಿಲ್ಲ.

ಒಬ್ಬರ ಹೊಲ ಹಸನಾದರೆ ಸಾಲದು. ನೆರೆಯ ಬೀಜ ಗಾಳಿಯಲ್ಲಿ, ನೀರಿನಲ್ಲಿ ಬರುತ್ತದೆ. ಇಡೀ ಬೀದಿಯವರು ಒಂದಾಗಿ ಮಳೆಗಾಲದ ಮೊದಲ ಹಂತದಲ್ಲೇ ಕಳೆ ತೆಗೆಯಬೇಕು. ಗಂಧೆ ಎದ್ದವರು ನಾಚಿಕೆಪಡದೆ, ಪಿತ್ತವೆಂದು ಕಾಯದೆ, ವೈದ್ಯರ ಬಳಿಗೆ ಹೋಗಬೇಕು.