ಕಾಳು, ಬಸ್ ಬೋರ್ಡು, ಮಳೆನೀರು: ಮನೆಯಲ್ಲೇ ಮಕ್ಕಳಿಗೆ ಕಲಿಸೋದು ಹೇಗೆ?

ನಾನಿರೋದು ಪುಲಿಕೇಶಿನಗರದಲ್ಲಿ. ಆಟೋದವರಿಗೆ ಇವತ್ತಿಗೂ ‘ಫ್ರೇಜರ್ ಟೌನ್’ ಅಂದ್ರೇನೇ ಬೇಗ ಗೊತ್ತಾಗೋದು.

ಈ ಫ್ರೇಜರ್ ಯಾರು? ಸ್ಟುವರ್ಟ್ ಫ್ರೇಜರ್, ಮುಂದೆ ಮೈಸೂರಿನ ಬ್ರಿಟಿಷ್ ರೆಸಿಡೆಂಟ್ ಆದ ಅಧಿಕಾರಿ. ಆದ್ರೆ ಅದಕ್ಕೂ ಮೊದಲು ಆತ ಮನೆಪಾಠದ ಮೇಷ್ಟ್ರು! ಶಿಷ್ಯ ಯಾರು ಅಂದ್ರೆ ನಾಲ್ವಡಿ ಕೃಷ್ಣರಾಜ ಒಡೆಯರ್. 1894ರಲ್ಲಿ ತಂದೆ ತೀರಿಕೊಂಡಾಗ ನಾಲ್ವಡಿಯವರಿಗೆ ಹತ್ತು ವರ್ಷ. ಅಧಿಕಾರ ಕೈಗೆ ಬಂದದ್ದು 1902ರಲ್ಲಿ. ಆ ನಡುವೆ ಅವರು ಭಾಷೆ, ಸಂಗೀತ, ಕುದುರೆ ಸವಾರಿ, ಕಾನೂನು, ಕಂದಾಯದ ಲೆಕ್ಕ ಎಲ್ಲ ಕಲಿತರು. ಜೊತೆಗೆ ಸಂಸ್ಥಾನವನ್ನೇ ಸುತ್ತಿ ನೋಡಿದರು. ಅಂದ್ರೆ ಊರು ಸುತ್ತೋದೂ ಪಾಠವೇ ಆಗಿತ್ತು.

ನಮ್ಮ ಮಕ್ಕಳಿಗೆ ಅರಮನೆ ಇಲ್ಲ, ಸರಿ. ಆದ್ರೆ ಅಡುಗೆಮನೆ ಇದೆ, ಬೀದಿ ಇದೆ, ತಾರಸಿ ಇದೆ. ಸಂಜೆ ಒಂದು ಗಂಟೆ ನಾನು ನಮ್ಮಕ್ಕನ ಮಕ್ಕಳ ಜೊತೆ ಕೂರ್ತೀನಿ. ನೀವು ಅಕ್ಕನೋ, ಮಾಮನೋ, ಹೊಸದಾಗಿ ಅಪ್ಪ-ಅಮ್ಮ ಆದವರೋ ಆಗಿದ್ರೆ, ವಯಸ್ಸಿಗೆ ತಕ್ಕಂತೆ ಏನು ಮಾಡಬಹುದು ಅಂತ ಹೇಳ್ತೀನಿ.

ಮೊದಲು ಮೂರರಿಂದ ಆರು ವರ್ಷದವರು. ಒಂದು ತಟ್ಟೇಲಿ ಅವರೆಕಾಳು, ಕಡಲೆಕಾಯಿ, ಹುಣಸೆಬೀಜ ಬೆರೆಸಿ ಕೊಡಿ. ಬೇರೆ ಮಾಡಲಿ, ಎಣಿಸಲಿ, ಯಾವುದು ಜಾಸ್ತಿ, ಯಾವುದು ಕಮ್ಮಿ ಅಂತ ಹೇಳಲಿ. ಪಕ್ಕದಲ್ಲೇ ಕೂತಿರಿ, ಅದು ಮೂಗಿಗೆ ಕಾಳು ತುರುಕಿಕೊಳ್ಳೋ ವಯಸ್ಸು. ನೆಲದ ಮೇಲೆ ಚುಕ್ಕಿ ಇಟ್ಟು ರಂಗೋಲಿ ಎಳೆಸಿ, ಬರೆಯೋಕೆ ಬೇಕಾದ ಕೈಹಿಡಿತ ಅಲ್ಲೇ ಬರುತ್ತೆ. ರಾತ್ರಿ ಒಂದು ಕಥೆ ಹೇಳಿ. ನಮ್ಮ ಬೀದೀಲಿ ಒಂದು ಮನೇಲಿ ತಮಿಳು, ಪಕ್ಕದ ಮನೇಲಿ ಉರ್ದು. ಮನೆಮಾತು ಯಾವುದೋ ಅದರಲ್ಲೇ ಕಥೆ ಇರಲಿ. ಒಂದು ಭಾಷೇಲಿ ಕಥೆ ಹೇಳೋಕೆ ಬಂದ ಮಗುವಿಗೆ ಇನ್ನೊಂದು ಭಾಷೆ ಸುಲಭ.

ಏಳರಿಂದ ಹತ್ತು ವರ್ಷದವರಿಗೆ ಬೀದಿಯೇ ಪುಸ್ತಕ. ಮಾಸ್ಕ್ ರೋಡಿನಿಂದ ಕೋಲ್ಸ್ ಪಾರ್ಕಿನವರೆಗೆ ನಡೀರಿ. ದಾರೀಲಿ ಅಂಗಡಿ ಬೋರ್ಡುಗಳಲ್ಲಿ ಕನ್ನಡದ ಒತ್ತಕ್ಷರ ಹುಡುಕೋ ಆಟ ಆಡಿ. ‘ಬಸ್ಸು’, ‘ಅಕ್ಕಿ’, ‘ರಸ್ತೆ’: ಹತ್ತು ಸಿಕ್ಕಿದ್ರೆ ಒಂದು ಐಸ್‌ಕ್ರೀಮ್. ಮನೆಗೆ ಬಂದು ನಡೆದ ದಾರಿಯ ನಕ್ಷೆ ಬರೆಸಿ. ಅಂಗಡಿಗೆ 100 ರೂಪಾಯಿ ಕೊಟ್ಟು ಕಳಿಸಿ, ಕಾಲು ಕೆಜಿ ಟೊಮ್ಯಾಟೊ ತಂದು ಚಿಲ್ಲರೆ ಲೆಕ್ಕ ಒಪ್ಪಿಸಲಿ. ಕಾಲು, ಅರ್ಧ, ಮುಕ್ಕಾಲು ಅನ್ನೋ ಭಿನ್ನರಾಶಿ ತಕ್ಕಡಿ ಮುಂದೆ ಅರ್ಥ ಆದಷ್ಟು ಚೆನ್ನಾಗಿ ಕರಿಹಲಗೆ ಮುಂದೆ ಆಗಲ್ಲ.

ಹನ್ನೊಂದರಿಂದ ಹದಿನಾಲ್ಕರವರಿಗೆ ತಾರಸಿ. ಪ್ಲಾಸ್ಟಿಕ್ ಬಾಟಲಿಯ ಮೇಲ್ಭಾಗ ಕತ್ತರಿಸಿ, ಅದನ್ನೇ ತಲೆಕೆಳಗೆ ಮಾಡಿ ಆಲಿಕೆ ಥರ ಕೂರಿಸಿ. ತಳದ ಉಬ್ಬು ಮುಚ್ಚೋ ಅಷ್ಟು ನೀರು ಹಾಕಿ, ಅಲ್ಲಿ ಸೊನ್ನೆ ಗುರುತು ಮಾಡಿ, ಮೇಲಕ್ಕೆ ಸ್ಕೇಲ್ ಅಂಟಿಸಿ. ಮಳೆಮಾಪಕ ರೆಡಿ. ಒಂದು ಚದರ ಮೀಟರ್ ಜಾಗದಲ್ಲಿ ಒಂದು ಮಿಲಿಮೀಟರ್ ಮಳೆ ಬಿದ್ರೆ ಅದು ಒಂದು ಲೀಟರ್ ನೀರು. ಮೂವತ್ತು-ನಲವತ್ತರ ಸೈಟು ಅಂದ್ರೆ ಸುಮಾರು 111 ಚದರ ಮೀಟರ್. ಅಷ್ಟು ಜಾಗದ ಮೇಲೆ 10 ಮಿಲಿಮೀಟರ್ ಮಳೆ ಬಂದ್ರೆ 1,100 ಲೀಟರ್! ಟ್ಯಾಂಕರ್‌ಗೆ ದುಡ್ಡು ಕೊಡೋ ಮನೇಲಿ ಈ ಲೆಕ್ಕ ಮಗು ಒಬ್ಬನೇ ಮಾಡಲ್ಲ, ಅಪ್ಪ-ಅಮ್ಮನೂ ಬಂದು ಕೂರ್ತಾರೆ. ಇನ್ನೊಂದು: ಅಜ್ಜಿ ಚಿಕ್ಕವರಾಗಿದ್ದಾಗ ನೀರು ಎಲ್ಲಿಂದ ಬರ್ತಿತ್ತು ಅಂತ ಕೇಳಿ ಫೋನಿನಲ್ಲಿ ರೆಕಾರ್ಡ್ ಮಾಡಿಸಿ, ಆಮೇಲೆ ಒಂದು ಪುಟ ಬರೆಸಿ.

ನಿಮ್ಮ ಫೋನಲ್ಲೂ ಉಚಿತವಾಗಿ ತುಂಬಾ ಇದೆ. ಪ್ರಥಮ್ ಬುಕ್ಸ್‌ನ ಸ್ಟೋರಿವೀವರ್‌ನಲ್ಲಿ ಕನ್ನಡ, ಉರ್ದು, ತಮಿಳು ಚಿತ್ರಕಥೆಗಳು ಸಿಗುತ್ವೆ. ಅರವಿಂದ್ ಗುಪ್ತಾ ಅವರ ಜಾಲತಾಣದಲ್ಲಿ ಕಸದಿಂದ ಆಟಿಕೆ ಮಾಡೋದು ನೋಡಿ. ರಾಜ್ಯದ ಪಠ್ಯಪುಸ್ತಕಗಳ ಪಿಡಿಎಫ್ ಇವೆ, ಪುಸ್ತಕದ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದ್ರೆ ದೀಕ್ಷಾ ಆ್ಯಪಿನ ವಿಡಿಯೊ ಬರುತ್ತೆ. ರಜೆಯಲ್ಲಿ ಕಸ್ತೂರ್ಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂಗೆ ಕರ್ಕೊಂಡು ಹೋಗಿ. ಆದ್ರೆ ಫೋನ್ ಮಗುವಿನ ಕೈಗೆ ಕೊಟ್ಟು ಎದ್ದು ಹೋಗಬೇಡಿ. ಮಗುವಿಗೆ ಬೇಕಾಗಿರೋದು ಪಕ್ಕದಲ್ಲಿ ಕೂರೋ ಒಬ್ಬ ದೊಡ್ಡವರು.

ಈಗ ಮುಖ್ಯ ವಿಷಯಕ್ಕೆ ಬರ್ತೀನಿ. ಸಂಜೆ ಹೊತ್ತು ಕಲಿಸೋದು ಒಂದು, ಶಾಲೆ ಬಿಡಿಸೋದು ಇನ್ನೊಂದು. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರೋ ಶಿಕ್ಷಣ ಹಕ್ಕು ಕಾಯ್ದೆ ಆರರಿಂದ ಹದಿನಾಲ್ಕು ವರ್ಷದವರಿಗೆ ಉಚಿತ, ಕಡ್ಡಾಯ ಶಿಕ್ಷಣದ ಹಕ್ಕು ಕೊಟ್ಟಿದೆ. ಹೋಮ್‌ಸ್ಕೂಲಿಂಗ್ ಬಗ್ಗೆ ಅದರಲ್ಲಿ ನೇರವಾಗಿ ಏನೂ ಹೇಳಿಲ್ಲ. ಯೋಚನೆ ಮಾಡಿ ಮನೇಲೇ ಕಲಿಸೋ ಕುಟುಂಬಗಳು ಪರೀಕ್ಷೆಗೆ ಸಾಮಾನ್ಯವಾಗಿ ಎನ್‌ಐಒಎಸ್, ಅಂದ್ರೆ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯ ದಾರಿ ಹಿಡೀತಾರೆ. ಅಲ್ಲಿ ಹತ್ತನೇ ತರಗತಿಗೆ ಸೇರೋಕೆ ಹದಿನಾಲ್ಕು ವರ್ಷ ತುಂಬಿರಬೇಕು.

ಆದ್ರೆ ಫೀಸ್ ಕಟ್ಟೋಕಾಗದೆ ಮನೇಲಿ ಕೂತ ಹುಡುಗನಿಗೆ, ತಮ್ಮ-ತಂಗೀನ ನೋಡ್ಕೊಳ್ಳೋಕೆ ಉಳಿಸಿಕೊಂಡ ಹುಡುಗಿಗೆ ದಯವಿಟ್ಟು ‘ಹೋಮ್‌ಸ್ಕೂಲಿಂಗ್’ ಅಂತ ಹೆಸರಿಡಬೇಡಿ. ಅಂಥ ಮಗು ನಿಮಗೆ ಗೊತ್ತಿದ್ರೆ ಆ ಮನೆಯವರಿಗೆ ಎರಡು ಮಾತು ಹೇಳಿ. ಒಂದು, ಟಿಸಿ ಬರೋದು ತಡ ಆಯ್ತು ಅಂತ ಸರ್ಕಾರಿ ಶಾಲೆ ಸೇರಿಸಿಕೊಳ್ಳಲ್ಲ ಅನ್ನೋ ಹಾಗಿಲ್ಲ. ಎರಡು, ಮಧ್ಯೆ ಬಿಟ್ಟ ಮಗುವನ್ನು ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಬೇಕು, ಹಿಂದೆ ಬಿದ್ದ ಪಾಠಕ್ಕೆ ವಿಶೇಷ ತರಬೇತಿ ಕೊಡಬೇಕು. ಇದು ಕಾಯ್ದೆಯಲ್ಲೇ ಇದೆ. ಮನೇಲಿ ನೀವು ಕಾಳು ಎಣಿಸಿ, ಮಳೆ ಅಳೆದು ಕಲಿಸಿದ್ದು ಆ ಮಗು ವಾಪಸ್ ತರಗತೀಲಿ ಕೂತಾಗ ಧೈರ್ಯ ಆಗುತ್ತೆ.

ಈ ವಾರ ಒಂದೇ ಒಂದು ಚಟುವಟಿಕೆ ಮಾಡಿ ನೋಡಿ, ಅರ್ಧ ಗಂಟೆ ಸಾಕು. ಈ ಎಪಿಸೋಡನ್ನ ಮಕ್ಕಳಿರೋ ಮನೆಗೆ ಕಳಿಸಿ.