ಹೃದಯದ ಲೆಕ್ಕಕ್ಕೂ ಆಡಿಟ್ ಬೇಕು



ಸಂಘದ ಲೆಕ್ಕಕ್ಕೆ ವರ್ಷವರ್ಷ ಆಡಿಟ್ ಆಗುತ್ತದೆ. ನಮ್ಮ ಹೃದಯದ ಲೆಕ್ಕ? "ಆರಾಮಿದ್ದೇವಲ್ಲ, ಪರೀಕ್ಷೆ ಯಾಕೆ?" ಅಂತೇವೆ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಒಳಹಳ್ಳಿಯಿಂದ ಎದೆನೋವಿನವರನ್ನು ಹುಬ್ಬಳ್ಳಿಗೋ ಮಣಿಪಾಲಕ್ಕೋ ಒಯ್ಯುವಷ್ಟರಲ್ಲಿ ಅಮೂಲ್ಯ ತಾಸುಗಳು ದಾರಿಯಲ್ಲೇ ಕಳೆದಿರುತ್ತವೆ.

ಮಂಗನ ಕಾಯಿಲೆಯ ಶಂಕೆ ಬಂದರೆ ರಕ್ತ ಕೊಡುತ್ತೇವೆ, ಯಾಕೆಂದರೆ ಜ್ವರ ಕಾಣುತ್ತದೆ. ಕೊಲೆಸ್ಟರಾಲ್ ಏರಿದರೆ ಜ್ವರವೂ ಇಲ್ಲ, ನೋವೂ ಇಲ್ಲ. ರಕ್ತ ಪರೀಕ್ಷೆಯೇ ಹೇಳಬೇಕು. ಲಿಪಿಡ್ ಪ್ರೊಫೈಲ್ ವರದಿಯಲ್ಲಿ ಎಲ್‌ಡಿಎಲ್ ಎಂಬುದು ರಕ್ತನಾಳದ ಗೋಡೆಯಲ್ಲಿ ಸೇರಿಕೊಳ್ಳುವ ಕೊಬ್ಬು. ಅದು 190 ಮುಟ್ಟಿದರೆ ಸುಮ್ಮನೆ ಕೂರದೆ ವೈದ್ಯರನ್ನು ಕಾಣಲೇಬೇಕು. ಎಚ್‌ಬಿಎ1ಸಿ ಪರೀಕ್ಷೆ ಎರಡು-ಮೂರು ತಿಂಗಳ ಸಕ್ಕರೆಯ ಸರಾಸರಿ ತೋರಿಸುತ್ತದೆ, 6.5 ಅಥವಾ ಮೇಲಿದ್ದರೆ ಮಧುಮೇಹದ ಸೂಚನೆ.

ಒಂದೇ ಅಂಕಿಯಿಂದ ತೀರ್ಮಾನವಿಲ್ಲ. ವಯಸ್ಸು, ರಕ್ತದೊತ್ತಡ, ಬೀಡಿ, ಕವಳದ ತಂಬಾಕು, ಮನೆತನದಲ್ಲಿ ಬಂದ ಕಾಯಿಲೆ ಎಲ್ಲ ಕೂಡಿಸಿ ವೈದ್ಯರು ಅಪಾಯ ಅಳೆಯುತ್ತಾರೆ. ಎದೆನೋವು ಬಂದಾಗ ಮಾತ್ರ ಈ ವರದಿಗೆ ಕಾಯಬೇಡಿ. 108ಕ್ಕೆ ಕರೆ ಮಾಡಿ, ಹತ್ತಿರದ ಆಸ್ಪತ್ರೆಯಲ್ಲಿ ಕೂಡಲೇ ಇಸಿಜಿ ಮಾಡಿಸಿ.

2003ರಲ್ಲಿ ಆರಂಭವಾದ ಯಶಸ್ವಿನಿ ಯೋಜನೆ ಸಹಕಾರಿ ರೈತರ ಶಸ್ತ್ರಚಿಕಿತ್ಸೆಗೆ ಆಸರೆಯಾಯಿತು. ಅಲ್ಲಿಯವರೆಗೂ ಹೋಗದಂತೆ ನೋಡಿಕೊಳ್ಳುವುದು ನಮ್ಮ ಕೆಲಸ. ಕೊನೆಕೊಯ್ಲು ಮುಗಿದ ಮೇಲೆ ಸಂಘದ ಆವಾರದಲ್ಲೇ ವರ್ಷಕ್ಕೊಂದು ರಕ್ತ ತಪಾಸಣಾ ಶಿಬಿರ ನಡೆಯಲಿ. ರಜತ ಮಹೋತ್ಸವಕ್ಕೆ ಅದೇ ಒಳ್ಳೆಯ ನೆನಪು ಎಂದು ಹೇಳಿ ನಮ್ಮ ಮಾತು ಮುಗಿಸುತ್ತೇವೆ.