ಹಡಗಿನ ಅಡುಗೆಯವನ ಮಾತು

1834ರ ಆಗಸ್ಟ್ 14ರಂದು ಬಾಸ್ಟನ್ನಿನಿಂದ ‘ಪಿಲ್‌ಗ್ರಿಮ್’ ಎಂಬ ಹಾಯಿಹಡಗು ಕ್ಯಾಲಿಫೋರ್ನಿಯಾ ಕರಾವಳಿಗೆ ಹೊರಟಿತು. ಅದರಲ್ಲೊಬ್ಬ ಹೊಸ ನಾವಿಕ, ರಿಚರ್ಡ್ ಹೆನ್ರಿ ಡೇನಾ. ಹಾರ್ವರ್ಡ್‌ನಲ್ಲಿ ಓದುತ್ತಿದ್ದ ಹತ್ತೊಂಬತ್ತರ ಹುಡುಗ. ದಡಾರ ಬಂದು ಕಣ್ಣು ಸೋತಿತ್ತು, ಪುಸ್ತಕ ಹಿಡಿಯುವಂತಿರಲಿಲ್ಲ. ಪ್ರಯಾಣಿಕನಾಗಿ ಅಲ್ಲ, ಸಂಬಳದ ನಾವಿಕನಾಗಿ ಹಡಗು ಹತ್ತಿದ.

ನಾವಿಕರ ಉಡುಪನ್ನೇನೋ ತೊಟ್ಟಿದ್ದ. ಆದರೆ ಬಿಸಿಲು ಕಾಣದ ಮುಖ, ಮೆತ್ತನೆಯ ಕೈ ಹಳಬರ ಕಣ್ಣು ತಪ್ಪಿಸುವುದುಂಟೆ? ತೆರೆದ ಕಡಲಿಗೆ ಬಂದದ್ದೇ ಹೊಟ್ಟೆ ತೊಳಸತೊಡಗಿತು. ಆ ಸ್ಥಿತಿಯಲ್ಲೇ, ಕತ್ತಲಲ್ಲಿ, ಕೂವೆಮರ ಹತ್ತಿ ಹಾಯಿ ಮಡಿಸಬೇಕು. ಕೊನೆಗೆ ಅಡುಗೆಯವನು ಬುದ್ಧಿ ಹೇಳಿದ: ಊರಿಂದ ತಂದ ಸಿಹಿಯನ್ನೆಲ್ಲ ನೀರಿಗೆಸೆ, ಉಪ್ಪುಮಾಂಸ, ಗಟ್ಟಿ ಬಿಸ್ಕತ್ತು ತಿನ್ನು ಅಂತ. ಹುಡುಗ ಹಾಗೇ ಮಾಡಿದ, ಚೇತರಿಸಿಕೊಂಡ. ಇಂದಿನ ವೈದ್ಯರು ಒಪ್ಪುತ್ತಾರೋ ಕಾಣೆ!

ಹೊಸಬರಿಗೆ ನಡುಗಡಲೆಂದರೆ ಭಯ. ಕ್ಯಾಲಿಫೋರ್ನಿಯಾದ ಸಾಂತಾ ಬಾರ್ಬರಾದಲ್ಲಿ ಹಳೆಯ ನಾವಿಕರಿಗೂ ಭಯವಿತ್ತು, ಆದರೆ ಅದು ದಡದ ಭಯ. ಅಲ್ಲಿ ಚಳಿಗಾಲದ ಆಗ್ನೇಯ ಗಾಳಿ ಲಂಗರು ಹಾಕಿದ ಹಡಗನ್ನು ನೇರ ತೀರಕ್ಕೆ ಬಡಿಯಬಲ್ಲದು. ಅದಕ್ಕೇ ದಡದಿಂದ ಸುಮಾರು ಮೂರು ಮೈಲಿ ದೂರ ನಿಲ್ಲುತ್ತಿದ್ದರು. ಬಿರುಗಾಳಿಯ ಸುಳಿವು ಸಿಕ್ಕರೆ ಲಂಗರನ್ನೂ ಸರಪಳಿಯನ್ನೂ ಅಲ್ಲೇ ಬಿಟ್ಟು ಆಳಕಡಲಿಗೆ ಧಾವಿಸುವುದು. ಗಾಳಿ ಅಡಗಿದ ಮೇಲೆ ಬಂದು ಎತ್ತಿಕೊಳ್ಳುವುದು. ನನಗಂತೂ ಇಡೀ ಕಥೆಯಲ್ಲಿ ಇದೇ ಸೋಜಿಗ.

ಆ ಯಾನದಲ್ಲೇ ಕ್ಯಾಪ್ಟನ್ ನಾವಿಕರಿಗೆ ಹಗ್ಗದಿಂದ ಹೊಡೆದದ್ದನ್ನೂ ಡೇನಾ ಕಂಡಿದ್ದ. 1836ರಲ್ಲಿ ಮರಳಿದವನು ಮುಂದೆ ವಕೀಲನಾದ. 1840ರಲ್ಲಿ ಆ ಯಾನದ ಪುಸ್ತಕ ಹೊರತಂದ. ಮರುವರ್ಷ, ನಾವಿಕರಿಗೆ ಅವರ ಹಕ್ಕುಗಳನ್ನು ತಿಳಿಸುವ ಕೈಪಿಡಿ.